ಮಕ್ಕಳು ಸೈಕಲ್ ಕಲಿತ ಇನ್ನೂರು ವರ್ಷ

ಈಜು ಮತ್ತು ಸೈಕಲ್, ಇವೆರಡನ್ನು ಒಮ್ಮೆ ಕಲಿತರೆ ಸಾಯುವ ತನಕ ಮರೆಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಎಲ್ಲ ಊರುಗಳಲ್ಲೂ ಇದೆ. ಆದರೆ ಕಲಿತದ್ದು ಹೇಗೆ ಎಂದು ಕೇಳಿ ನೋಡಿ. ಬಹುಮಂದಿಗೆ ಸರಿಯಾದ ಉತ್ತರ ಹೊಳೆಯುವುದಿಲ್ಲ. ‘ಅಣ್ಣ ಹಿಂದೆ ಸೀಟು ಹಿಡಿದುಕೊಂಡು ಓಡಿ ಬರುತ್ತಿದ್ದ, ಯಾವಾಗಲೋ ಕೈ ಬಿಟ್ಟಿದ್ದ, ನನಗೆ ಗೊತ್ತೇ ಆಗಲಿಲ್ಲ’ ಎನ್ನುತ್ತಾರೆ. ಓದು, ಬರಹ, ಮಗ್ಗಿಗಳನ್ನು ಕಲಿಸಲು ಶಾಲೆ ಇದೆ, ಪಠ್ಯಪುಸ್ತಕ ಇದೆ. ಕೋಟ್ಯಂತರ ಮಕ್ಕಳು ಕಲಿತಿರುವ ಈ ವಿದ್ಯೆಗೆ ಅದಾವುದೂ ಇಲ್ಲ. ಬೀದಿಯ ಕೊನೆ, ಕಣ, ಶಾಲೆಯ ಮೈದಾನ, ದೇವಸ್ಥಾನದ ಮುಂದಿನ ಬಯಲು, ಇವೇ ಇದರ ಪಾಠಶಾಲೆಗಳು.

ಸೈಕಲ್ಲಿನ ಚರಿತ್ರೆ ಬರೆದವರು ಹೆಚ್ಚಾಗಿ ಯಂತ್ರದ ಚರಿತ್ರೆ ಬರೆದಿದ್ದಾರೆ. ಯಾವ ವರ್ಷ ಪೆಡಲು ಬಂತು, ಯಾವ ವರ್ಷ ಚೈನು ಬಂತು, ಟೈರಿಗೆ ಗಾಳಿ ತುಂಬಿದವರು ಯಾರು ಎಂಬ ವಿವರಗಳು ನಮಗೆ ಸಿಗುತ್ತವೆ. ಇದೇ ಚರಿತ್ರೆಯನ್ನು ಕಲಿಯುವವರ ಕಡೆಯಿಂದ ನೋಡಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಒಂದು, ಸೈಕಲ್ಲನ್ನು ಮೊದಲು ಕಲಿತವರು ದೊಡ್ಡವರು. ಮಕ್ಕಳ ಸರದಿ ಬಂದದ್ದು ಬಹಳ ತಡವಾಗಿ. ಎರಡು, ಮಕ್ಕಳಿಗೆ ಕಲಿಸಲು ಅತ್ಯಂತ ಸುಲಭವಾದ ದಾರಿ ಜಗತ್ತಿನ ಮೊಟ್ಟಮೊದಲ ಸೈಕಲ್ಲಿನಲ್ಲೇ ಇತ್ತು. ಅದನ್ನು ಮರೆತು, ಮತ್ತೆ ಕಂಡುಕೊಳ್ಳಲು ಸುಮಾರು 180 ವರ್ಷ ಹಿಡಿಯಿತು.

ಪೆಡಲಿಲ್ಲದ ಮೊದಲ ಸೈಕಲ್

1815ರಲ್ಲಿ ಇಂಡೊನೇಷ್ಯಾದ ಸುಂಬಾವ ದ್ವೀಪದಲ್ಲಿ ತಂಬೋರಾ ಎಂಬ ಜ್ವಾಲಾಮುಖಿ ಸ್ಫೋಟಿಸಿತು. ಅದರ ಬೂದಿ ಮತ್ತು ಅನಿಲಗಳು ಆಕಾಶಕ್ಕೇರಿ ಬಿಸಿಲನ್ನು ಮಂಕುಗೊಳಿಸಿದವು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ ಎನ್ನುವಷ್ಟು ಚಳಿ. ಬೆಳೆ ಕೈಕೊಟ್ಟಿತು, ದವಸದ ಬೆಲೆ ಏರಿತು. ಮನುಷ್ಯರಿಗೇ ಆಹಾರವಿಲ್ಲದಾಗ ಕುದುರೆಗಳಿಗೆ ಓಟ್ಸ್ ಎಲ್ಲಿಂದ ಬರಬೇಕು? ಕುದುರೆಯಿಲ್ಲದೆ ಸಂಚರಿಸುವ ಯಂತ್ರದ ಯೋಚನೆ ಹುಟ್ಟಿದ್ದು ಈ ಬರಗಾಲದಿಂದ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಎಲ್ಲರೂ ಅದನ್ನು ಒಪ್ಪುವುದಿಲ್ಲ.

ಕಾರಣ ಏನೇ ಇರಲಿ, 1817ರ ಜೂನ್ 12ರಂದು ಜರ್ಮನಿಯ ಬಾಡೆನ್ ಸಂಸ್ಥಾನದ ಅರಣ್ಯಾಧಿಕಾರಿ ಕಾರ್ಲ್ ಡ್ರೈಸ್ ಮಾನ್‌ಹೈಮ್ ಪಟ್ಟಣದಿಂದ ಎರಡು ಚಕ್ರದ ಮರದ ಗಾಡಿಯೊಂದನ್ನು ಏರಿ ಹೊರಟ. ಹೋಗಿ ಬರುವ ಸುಮಾರು 13 ಕಿಲೋಮೀಟರ್ ದಾರಿಯನ್ನು ಆತ ಒಂದು ಗಂಟೆಯೊಳಗೆ ಮುಗಿಸಿದ. ಅವನ ಗಾಡಿಗೆ ಪೆಡಲಿರಲಿಲ್ಲ, ಚೈನಿರಲಿಲ್ಲ. ಸವಾರ ನಡುವಿನ ಆಸನದ ಮೇಲೆ ಕುಳಿತು, ಎರಡೂ ಕಾಲುಗಳಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ ಹೋಗಬೇಕಿತ್ತು. ಇಳಿಜಾರು ಸಿಕ್ಕಾಗ ಕಾಲೆತ್ತಿ ಕುಳಿತರೆ ಗಾಡಿ ತಾನೇ ಉರುಳುತ್ತಿತ್ತು. ಮುಂದಿನ ಚಕ್ರವನ್ನು ತಿರುಗಿಸಲು ಒಂದು ಹಿಡಿಕೆ ಇತ್ತು. ಇದಿಷ್ಟೇ ಯಂತ್ರ.

ಎರಡೇ ಚಕ್ರಗಳ ಮೇಲೆ ಮನುಷ್ಯ ಬೀಳದೆ ಹೋಗಬಲ್ಲ ಎಂಬುದನ್ನು ಜಗತ್ತಿಗೆ ತೋರಿಸಿದ್ದು ಡ್ರೈಸ್. ಅವನ ಸವಾರರಿಗೆ ಸಮತೋಲ ಕಲಿಯುವುದು ಕಷ್ಟವೇನೂ ಆಗಲಿಲ್ಲ. ಏಕೆಂದರೆ ಕಾಲು ಸದಾ ನೆಲದ ಹತ್ತಿರವೇ ಇರುತ್ತಿತ್ತು. ವಾಲಿದರೆ ಕಾಲೂರಿದರಾಯಿತು. 1819ರಲ್ಲಿ ಲಂಡನ್ನಿನ ಡೆನಿಸ್ ಜಾನ್ಸನ್ ಎಂಬ ಗಾಡಿ ತಯಾರಕ ಇದರ ಸುಧಾರಿತ ರೂಪವನ್ನು ಮಾರತೊಡಗಿ, ಸವಾರಿ ಕಲಿಸುವ ಶಾಲೆಯನ್ನೂ ತೆರೆದ. ಆದರೆ ಅಂದಿನ ರಸ್ತೆಗಳು ಗಾಡಿಚಕ್ರಗಳಿಂದ ಗುಂಡಿಬಿದ್ದಿದ್ದವು. ಸವಾರರು ನುಣುಪಾದ ಕಾಲುದಾರಿಗಳನ್ನು ಏರಿದರು, ನಡೆಯುವವರು ದೂರಿದರು, ಹಲವು ನಗರಗಳು ಕಾಲುದಾರಿಯ ಮೇಲೆ ಈ ಗಾಡಿಯನ್ನು ನಿಷೇಧಿಸಿದವು. ಕೆಲವೇ ವರ್ಷಗಳಲ್ಲಿ ಅದರ ಹುಚ್ಚು ಇಳಿಯಿತು. ರಸ್ತೆಯಲ್ಲಿ ತನಗೆ ಜಾಗ ಎಲ್ಲಿ ಎಂಬ ಪ್ರಶ್ನೆ ಸೈಕಲ್ಲಿನ ಜೊತೆಗೇ ಹುಟ್ಟಿದೆ.

ದೊಡ್ಡವರ ಪಾಠಶಾಲೆ

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರದ ಅಚ್ಚಿಗೇ ಪೆಡಲು ಜೋಡಿಸಿದ ಸೈಕಲ್ ಬಂತು. 1866ರಲ್ಲಿ ಪಿಯರ್ ಲಾಲ್ಮಾಂ ಎಂಬ ಫ್ರೆಂಚ್ ಕುಶಲಕರ್ಮಿ ಇಂಥದೊಂದು ಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಈಗ ಕಾಲು ನೆಲ ಬಿಟ್ಟಿತು. ಕಲಿಯುವವನು ತೂಕ ಸಂಭಾಳಿಸುವುದು, ಹಿಡಿಕೆ ತಿರುಗಿಸುವುದು, ಪೆಡಲು ತುಳಿಯುವುದು ಎಂಬ ಮೂರು ಕೆಲಸಗಳನ್ನು ಒಟ್ಟಿಗೇ ಮಾಡಬೇಕಾಯಿತು. ಕಲಿಕೆ ಒಮ್ಮೆಲೇ ಕಷ್ಟವಾದದ್ದು ಇಲ್ಲಿಂದ. 1869ರ ಹೊತ್ತಿಗೆ ಅಮೆರಿಕದ ದೊಡ್ಡ ಪಟ್ಟಣಗಳಲ್ಲಿ ಹಣ ಕೊಟ್ಟು ಸೈಕಲ್ ಕಲಿಯುವ ಒಳಾಂಗಣ ಶಾಲೆಗಳು ತಲೆಯೆತ್ತಿದವು.

ಮುಂದೆ ಬಂದದ್ದು ಎದೆಮಟ್ಟದ ಮುಂಚಕ್ರ, ಪುಟ್ಟ ಹಿಂಚಕ್ರದ ಎತ್ತರದ ಸೈಕಲ್. ಇದು ಮಕ್ಕಳಿಗಿರಲಿ, ದೊಡ್ಡವರಿಗೂ ಅಪಾಯವೇ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1880ರ ದಶಕದಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಇದನ್ನು ಗುರುವೊಬ್ಬರನ್ನು ಇಟ್ಟುಕೊಂಡು ಎಂಟು ದಿನ ಕಲಿತು ಹಾಸ್ಯ ಪ್ರಬಂಧವೊಂದನ್ನು ಬರೆದ. ಅದು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1917ರಲ್ಲಿ. ನಗೆಯ ನಡುವೆ ಅವನು ಒಂದು ನಿಜವನ್ನು ಗುರುತಿಸಿದ್ದ: ಸೈಕಲ್ ಯಾವ ಕಡೆಗೆ ಬೀಳುತ್ತಿದೆಯೋ ಆ ಕಡೆಗೇ ಚಕ್ರ ತಿರುಗಿಸಬೇಕು, ಆದರೆ ಬುದ್ಧಿ ಅದಕ್ಕೆ ಒಪ್ಪುವುದಿಲ್ಲ.

1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ತಯಾರಿಸಿದ. ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಚಕ್ರ, ಹಿಂಚಕ್ರಕ್ಕೆ ಚೈನು. ಇಂದು ನಾವು ಕಾಣುವ ಸೈಕಲ್ಲಿನ ತಾತ ಇದೇ. ಬಿದ್ದರೂ ತಲೆ ಒಡೆಯದಷ್ಟು ತಗ್ಗಿನಲ್ಲಿದ್ದುದರಿಂದ ಹೆಂಗಸರು, ವಯಸ್ಸಾದವರು ಧೈರ್ಯ ಮಾಡಿದರು. ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ 53ನೆಯ ವಯಸ್ಸಿನಲ್ಲಿ ಸೈಕಲ್ ಕಲಿತು, 1895ರಲ್ಲಿ ಆ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ದಿನಕ್ಕೆ ಕಾಲು ಗಂಟೆಯಂತೆ ಸುಮಾರು ಮೂರು ತಿಂಗಳು ಹಿಡಿಯಿತಂತೆ. ಮೊದಲು ತುಳಿಯುವುದು, ಆಮೇಲೆ ತಿರುಗಿಸುವುದು, ಆಮೇಲೆ ಇಳಿಯುವುದು, ಕಟ್ಟಕಡೆಗೆ ಏರುವುದು, ಇದು ಅವರು ಕೊಟ್ಟ ಕ್ರಮ. ಅದೇ 1895ರಲ್ಲಿ ರಷ್ಯದ ಟಾಲ್‌ಸ್ಟಾಯ್ 67ನೆಯ ವಯಸ್ಸಿನಲ್ಲಿ, ತನ್ನ ಕಿರಿಯ ಮಗನನ್ನು ಕಳೆದುಕೊಂಡ ದುಃಖದ ದಿನಗಳಲ್ಲಿ, ಮಾಸ್ಕೊದಲ್ಲಿ ಸೈಕಲ್ ಕಲಿತರು.

ಮಗನ ಬಂಡಿಗೆ ಗಾಳಿ

ಇಷ್ಟೆಲ್ಲ ನಡೆಯುವಾಗ ಮಕ್ಕಳು ಎಲ್ಲಿದ್ದರು? ಶ್ರೀಮಂತರ ಮನೆಯ ಮಕ್ಕಳ ಬಳಿ ಮೂರು ಚಕ್ರದ ಬಂಡಿಗಳಿದ್ದವು. ಅಂಥ ಒಂದು ಬಂಡಿ ಸೈಕಲ್ಲಿನ ಚರಿತ್ರೆಯನ್ನೇ ಬದಲಿಸಿತು. ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರ ಮಗ ತನ್ನ ತ್ರಿಚಕ್ರದಲ್ಲಿ ಕಲ್ಲುಹಾಸಿನ ಬೀದಿಯ ಮೇಲೆ ಕುಲುಕಾಡುತ್ತ ಹೋಗುತ್ತಿದ್ದ. ಚಕ್ರಗಳಿಗೆ ಗಟ್ಟಿ ರಬ್ಬರಿನ ಪಟ್ಟಿ ಮಾತ್ರ ಇತ್ತು. ಮಗನ ಕಷ್ಟ ನೋಡಲಾರದೆ ತಂದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ, ಬಟ್ಟೆ ಸುತ್ತಿ, ಚಕ್ರಕ್ಕೆ ಕಟ್ಟಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಗಾಳಿ ತುಂಬಿದ ಚಕ್ರದ ಕಲ್ಪನೆ ರಾಬರ್ಟ್ ಥಾಮ್ಸನ್ ಎಂಬುವರಿಗೆ 1840ರ ದಶಕದಲ್ಲೇ ಬಂದಿತ್ತು; ಆದರೆ ಬಳಕೆಗೆ ಬಂದದ್ದು ಡನ್‌ಲಪ್ ಮಾಡಿದ್ದು. ಇಂದು ಲಾರಿ, ಬಸ್ಸುಗಳನ್ನು ಹೊತ್ತ ಗಾಳಿಟೈರಿನ ಕಥೆಯಲ್ಲಿ ಒಬ್ಬ ಪುಟ್ಟ ಹುಡುಗನ ಮೂರು ಚಕ್ರದ ಬಂಡಿ ಇದೆ.

ಎರಡು ಚಕ್ರದ ಸೈಕಲ್ ಮಕ್ಕಳ ವಸ್ತುವಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಅಮೆರಿಕದಲ್ಲಿ. ಕಾರು ಬಂದ ಮೇಲೆ ಅಲ್ಲಿ ದೊಡ್ಡವರು ಸೈಕಲ್ ಬಿಟ್ಟರು. ತಯಾರಕರು ಉಳಿಯಬೇಕಾದರೆ ಹೊಸ ಗಿರಾಕಿ ಬೇಕಿತ್ತು. ಶ್ವಿನ್ ಕಂಪನಿ 1933ರಲ್ಲಿ ದಪ್ಪ ಟೈರಿನ, ಮೋಟಾರ್ ಸೈಕಲ್ಲಿನ ಗತ್ತಿನ ಸೈಕಲ್ಲನ್ನು ಹುಡುಗರಿಗೆಂದೇ ಮಾರುಕಟ್ಟೆಗೆ ತಂದಿತು. ಇನ್ನೂ ಚಿಕ್ಕವರಿಗಾಗಿ ಹಿಂಚಕ್ರದ ಎರಡೂ ಪಕ್ಕದಲ್ಲಿ ಪುಟ್ಟ ಚಕ್ರ ಕಟ್ಟುವ ಪದ್ಧತಿ ಬಳಕೆಗೆ ಬಂತು. ನಮ್ಮ ಅಂಗಡಿಗಳಲ್ಲಿ ಸಪೋರ್ಟ್ ವೀಲ್ ಎನ್ನುತ್ತಾರಲ್ಲ, ಅದೇ. ಮಗು ಬೀಳುವುದಿಲ್ಲ, ಅಪ್ಪ ಅಮ್ಮನಿಗೆ ನೆಮ್ಮದಿ. ಆದರೆ ಮಗು ಕಲಿಯುತ್ತಿರುವುದು ಸೈಕಲ್ ಸವಾರಿಯೇ ಹೌದೇ?

ಬೀಳುವ ಕಡೆಗೇ ತಿರುಗಿಸು

ಇದನ್ನು ತಿಳಿಯಲು ಸೈಕಲ್ ಬೀಳದೆ ನಿಲ್ಲುವುದು ಹೇಗೆಂದು ನೋಡಬೇಕು. ಅಂಗೈ ಮೇಲೆ ಉದ್ದ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವ ಆಟ ಎಲ್ಲರಿಗೂ ಗೊತ್ತು. ಕೋಲು ಎಡಕ್ಕೆ ವಾಲಿದರೆ ಕೈಯನ್ನೂ ಎಡಕ್ಕೆ ಸರಿಸುತ್ತೇವೆ, ಅಂದರೆ ಬೀಳುತ್ತಿರುವ ಕೋಲಿನ ಕೆಳಕ್ಕೆ ಕೈಯನ್ನು ತರುತ್ತೇವೆ. ಸೈಕಲ್ ಸವಾರನೂ ಇದನ್ನೇ ಮಾಡುತ್ತಾನೆ. ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತಾನೆ; ಚಕ್ರಗಳು ಅವನ ಮೈಭಾರದ ಕೆಳಕ್ಕೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಹೊಸಬನಿಗೆ ತಪ್ಪುವುದೇ ಇಲ್ಲಿ. ಅವನು ಹೆದರಿ ವಿರುದ್ಧ ದಿಕ್ಕಿಗೆ ಹ್ಯಾಂಡಲ್ ಎಳೆಯುತ್ತಾನೆ, ಇನ್ನೂ ಬೇಗ ಬೀಳುತ್ತಾನೆ. ನಿಧಾನವಾಗಿ ಹೋದರೆ ಬೀಳುವುದು ಹೆಚ್ಚು, ಸ್ವಲ್ಪ ವೇಗವಿದ್ದರೆ ಕಡಿಮೆ ಎಂಬುದಕ್ಕೂ ಕಾರಣ ಇದೇ. ವೇಗವಿದ್ದಾಗ ಹ್ಯಾಂಡಲ್ಲಿನ ಸಣ್ಣ ಚಲನೆಯೇ ಚಕ್ರಗಳನ್ನು ಬೇಕಾದಲ್ಲಿಗೆ ತರುತ್ತದೆ.

ತಿರುಗುವುದು ಇನ್ನೂ ವಿಚಿತ್ರ. ಎಡಕ್ಕೆ ತಿರುಗಬೇಕಾದ ಸವಾರ ಮೊದಲು ಕ್ಷಣಮಾತ್ರ ಹ್ಯಾಂಡಲನ್ನು ಬಲಕ್ಕೆ ಸರಿಸುತ್ತಾನೆ. ಚಕ್ರಗಳು ಬಲಕ್ಕೆ ಜಾರುತ್ತವೆ, ಮೈ ಎಡಕ್ಕೆ ವಾಲುತ್ತದೆ, ಆಮೇಲೆ ಎಡಕ್ಕೆ ತಿರುವು ಸಿಗುತ್ತದೆ. ವಿಮಾನ ಕಂಡುಹಿಡಿದ ರೈಟ್ ಸಹೋದರರು ಮೂಲತಃ ಸೈಕಲ್ ಅಂಗಡಿಯವರು. ಅವರಲ್ಲಿ ಹಿರಿಯವನಾದ ವಿಲ್ಬರ್ ಇದನ್ನು ಗಮನಿಸಿ, ಹಲವಾರು ಸವಾರರನ್ನು ಕೇಳಿದ್ದ. ತಾವು ಎಡಕ್ಕೆ ತಿರುಗುವುದು ಹೇಗೆಂದು ಮೊದಲ ಸಲಕ್ಕೇ ಪೂರ್ತಿ ಸರಿಯಾಗಿ ಹೇಳಿದವರು ಒಬ್ಬರೂ ಸಿಗಲಿಲ್ಲವಂತೆ. ಎಲ್ಲರೂ ಮಾಡುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ.

ಸೈಕಲ್ ನಿಲ್ಲುವುದಕ್ಕೆ ತಿರುಗುವ ಚಕ್ರದ ಬುಗುರಿಯಂಥ ಗುಣವೇ ಕಾರಣ ಎಂದು ಬಹುಕಾಲ ಹೇಳಲಾಗುತ್ತಿತ್ತು. ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2011ರಲ್ಲಿ ಆ ಗುಣವನ್ನು ರದ್ದುಮಾಡಿದ ವಿಶೇಷ ಸೈಕಲ್ ಕಟ್ಟಿ, ಅದು ಸವಾರನಿಲ್ಲದೆಯೂ ಬೀಳದೆ ಉರುಳಬಲ್ಲದೆಂದು ತೋರಿಸಿದರು. ಬೀಳುವ ಕಡೆಗೆ ಹ್ಯಾಂಡಲ್ ತಾನಾಗಿ ತಿರುಗುವಂತಿರಬೇಕು, ಅದು ಮುಖ್ಯ. ಅದಕ್ಕೆ ದಾರಿಗಳು ಹಲವು. ಸೈಕಲ್ ಹುಟ್ಟಿ ಸುಮಾರು ಎರಡು ಶತಮಾನ ಕಳೆದರೂ ಅದರ ಗಣಿತ ತಜ್ಞರ ಕೈಯಲ್ಲಿ ಇನ್ನೂ ಬಿಡಿಸಿಕೊಳ್ಳುತ್ತಲೇ ಇತ್ತು ಎಂದಾಯಿತು. ಐದು ವರ್ಷದ ಮಗು ಮಾತ್ರ ಒಂದು ಸಂಜೆಯಲ್ಲಿ ಅದನ್ನು ಮೈಯಿಂದಲೇ ಬಿಡಿಸಿಬಿಡುತ್ತದೆ. ಹಂಗೆರಿ ಮೂಲದ ಚಿಂತಕ ಮೈಕೆಲ್ ಪೊಲಾನಿ 1958ರ ತಮ್ಮ ಗ್ರಂಥದಲ್ಲಿ, ಮಾತಿಗೆ ನಿಲುಕದ ಜ್ಞಾನಕ್ಕೆ ಉದಾಹರಣೆಯಾಗಿ ಸೈಕಲ್ ಸವಾರಿಯನ್ನೇ ಎತ್ತಿಕೊಂಡರು. ಹೇಳಿ ಕಲಿಸಲಾಗದ ವಿದ್ಯೆ ಇದು. ಮಗು ವಾಲಬೇಕು, ತಾನೇ ಸರಿಪಡಿಸಿಕೊಳ್ಳಬೇಕು. ಮತ್ತೆ ವಾಲಬೇಕು, ಮತ್ತೆ ಸರಿಪಡಿಸಿಕೊಳ್ಳಬೇಕು.

ಪಕ್ಕದ ಪುಟ್ಟ ಚಕ್ರಗಳು ಅಡ್ಡಿಯಾಗುವುದು ಇಲ್ಲಿ. ಅವು ಸೈಕಲ್ಲನ್ನು ವಾಲಲು ಬಿಡುವುದಿಲ್ಲ. ವಾಲದ ಸೈಕಲ್ ನಾಲ್ಕು ಚಕ್ರದ ಬಂಡಿ. ಬಂಡಿಯನ್ನು ತಿರುಗಿಸುವ ರೀತಿಯೇ ಬೇರೆ, ಸೈಕಲ್ ತಿರುಗಿಸುವ ರೀತಿಯೇ ಬೇರೆ. ಎರಡು ವರ್ಷ ಸಪೋರ್ಟ್ ವೀಲಿನಲ್ಲಿ ಸುತ್ತಿದ ಮಗು ತುಳಿಯುವುದನ್ನು ಚೆನ್ನಾಗಿ ಕಲಿತಿರುತ್ತದೆ. ಆದರೆ ಆ ಚಕ್ರ ತೆಗೆದ ದಿನ, ಕಲಿಕೆಯ ಕಷ್ಟದ ಭಾಗವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಒಳಪೆಡಲಿನ ಕಾಲ

ನಮ್ಮ ದೇಶದಲ್ಲಿ ಕಥೆ ಬೇರೆಯೇ ದಾರಿ ಹಿಡಿಯಿತು. ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿಗೆ ಬರುತ್ತಿದ್ದುದು ರ‍್ಯಾಲೆ, ಹರ್ಕ್ಯುಲಿಸ್, ಬಿಎಸ್‌ಎಯಂಥ ಇಂಗ್ಲಿಷ್ ಸೈಕಲ್ಲುಗಳು. ಆಮೇಲೆ ಇಲ್ಲಿಯೇ ಕಾರ್ಖಾನೆಗಳು ಬಂದವು. ಮದರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೊ 1956ರಲ್ಲಿ ಶುರುವಾದವು. 1986ರಲ್ಲಿ ಹೀರೊ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕನೆಂದು ಗಿನ್ನೆಸ್ ದಾಖಲೆಗೆ ಸೇರಿತು. ಆದರೆ ಈ ಕಾರ್ಖಾನೆಗಳ ಮುಖ್ಯ ಸರಕು ಒಂದೇ: 28 ಇಂಚಿನ ಚಕ್ರ, ಅಡ್ಡ ಪಟ್ಟಿ, ಸರಳಿನ ಬ್ರೇಕು, ಹಿಂದೆ ಕ್ಯಾರಿಯರ್ ಇರುವ ಕಪ್ಪು ಸೈಕಲ್. ಹಾಲಿನ ಕ್ಯಾನು, ಭತ್ತದ ಮೂಟೆ, ಮಗ್ಗದ ನೂಲು, ಹೆಂಡತಿ ಮಕ್ಕಳು ಎಲ್ಲವನ್ನೂ ಹೊರಬೇಕಾದ ಗಾಡಿ ಅದು. ಮನೆಗೊಂದೇ ಸೈಕಲ್, ಅದು ಅಪ್ಪನ ದುಡಿಮೆಯ ಆಸ್ತಿ. ಮಕ್ಕಳಿಗೆಂದೇ ಚಿಕ್ಕ ಸೈಕಲ್ ಕೊಡಿಸುವ ಶಕ್ತಿ ಬೆರಳೆಣಿಕೆಯ ಮನೆಗಳಿಗಿತ್ತು.

ಹಾಗಾಗಿ ನಮ್ಮ ಮಕ್ಕಳು ತಮಗಿಂತ ಎತ್ತರದ, ತಮ್ಮಷ್ಟೇ ತೂಕದ ಯಂತ್ರದ ಮೇಲೆ ಕಲಿಯಬೇಕಾಯಿತು. ಅದಕ್ಕೆ ಅವರು ಕಂಡುಕೊಂಡದ್ದೇ ಒಳಪೆಡಲು. ಸೀಟಿನ ಗೊಡವೆಗೆ ಹೋಗದೆ, ಅಡ್ಡ ಪಟ್ಟಿಯ ಕೆಳಗಿನ ತ್ರಿಕೋನದೊಳಗೆ ಬಲಗಾಲನ್ನು ತೂರಿಸಿ ಆಚೆಯ ಪೆಡಲಿನ ಮೇಲಿಡುವುದು, ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟು ಅಥವಾ ಪಟ್ಟಿ, ಮೈಯೆಲ್ಲ ಹೊರಗೆ. ಸೈಕಲ್ ಒಂದು ಕಡೆ ವಾಲಿದ್ದರೆ ಹುಡುಗ ಇನ್ನೊಂದು ಕಡೆ ಜೋತಿರುತ್ತಿದ್ದ. ಹಿಂದಿ ಸೀಮೆಯಲ್ಲಿ ಇದನ್ನು ಕತ್ತರಿ ಎಂಬ ಅರ್ಥದ ‘ಕೈಂಚಿ’ ಎನ್ನುತ್ತಾರೆ. ಬೇರೆ ಬೇರೆ ಭಾಷೆಯ ಮಕ್ಕಳು, ಯಾರೂ ಯಾರಿಗೂ ಹೇಳಿಕೊಡದೆ, ಒಂದೇ ಉಪಾಯವನ್ನು ಕಂಡುಕೊಂಡಿದ್ದರು.

ಈ ಕಲಿಕೆಗೆ ಒಂದು ಕ್ರಮವಿತ್ತು. ಮೊದಲು ಅಪ್ಪ ಊಟ ಮಾಡಿ ಮಲಗಿದಾಗ ಸೈಕಲ್ಲನ್ನು ಸುಮ್ಮನೆ ತಳ್ಳಿಕೊಂಡು ಓಡಾಡುವುದು. ಅದರ ತೂಕ, ಅದು ವಾಲುವ ಬಗೆ ಕೈಗೆ ತಿಳಿಯುತ್ತಿತ್ತು. ಆಮೇಲೆ ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲ ಒದೆಯುತ್ತ ಸಾಗುವುದು. ಆಮೇಲೆ ಒಳಪೆಡಲಿನಲ್ಲಿ ಅರ್ಧ ಸುತ್ತು, ಅದು ಕುದುರಿದ ಮೇಲೆ ಪೂರ್ತಿ ಸುತ್ತು. ಆಮೇಲೆ ಪಟ್ಟಿಯ ಮೇಲೆ ಕುಳಿತು ಈ ಕಡೆ ಆ ಕಡೆ ಜಾರುತ್ತ ತುಳಿಯುವುದು. ಸೀಟಿಗೇರುವ ಪದವಿ ಕಾಲು ಉದ್ದವಾದ ಮೇಲೆ. ಎರಡನೆಯ ಮೆಟ್ಟಿಲನ್ನು ಗಮನಿಸಿ. ನೆಲ ಒದೆದು, ಕಾಲೆತ್ತಿ, ಸಮತೋಲ ಹಿಡಿದು ಉರುಳುವುದು, ಇದು 1817ರಲ್ಲಿ ಡ್ರೈಸ್ ಮಾಡಿದ್ದೇ. ಮೊದಲು ಸಮತೋಲ, ಆಮೇಲೆ ತುಳಿತ ಎಂಬ ಸರಿಯಾದ ಕ್ರಮವನ್ನು ನಮ್ಮ ಹಳ್ಳಿಯ ಮಕ್ಕಳು ಬಡತನದ ಕಾರಣದಿಂದಲೇ ಪಾಲಿಸಿದ್ದರು. ಮೊಣಕಾಲಿನ ಗಾಯ, ಚೈನಿಗೆ ಸಿಕ್ಕ ಪಾಯಿಜಾಮ, ಬಗ್ಗಿದ ಪೆಡಲಿಗೆ ಬಿದ್ದ ಏಟು, ಇವು ಅದಕ್ಕೆ ತೆತ್ತ ಶುಲ್ಕ.

ಅಪ್ಪನ ಸೈಕಲ್ ಸಿಗದವರಿಗೆ ಬಾಡಿಗೆ ಅಂಗಡಿ ಇತ್ತು. ಮಡ್‌ಗಾರ್ಡಿನ ಮೇಲೆ ನಂಬರು ಬರೆದ ಸೈಕಲ್ಲುಗಳ ಸಾಲು, ಹೋದ ಹೊತ್ತು ಬಂದ ಹೊತ್ತು ಬರೆದಿಡಲು ಒಂದು ನೋಟ್‌ಬುಕ್ಕು, ಗಂಟೆಗೆ ಇಷ್ಟು ಪೈಸೆ ಎಂದು ದರ. ಕೆಲವು ಅಂಗಡಿಗಳಲ್ಲಿ ಹುಡುಗರಿಗೆಂದು ಒಂದೆರಡು ಚಿಕ್ಕ ಸೈಕಲ್ಲು ಇರುತ್ತಿದ್ದವು. ಭಾನುವಾರ ಅದಕ್ಕೆ ಸರದಿ. ಒಬ್ಬನ ದುಡ್ಡಿನಲ್ಲಿ ನಾಲ್ವರು ಕಲಿಯುತ್ತಿದ್ದರು. ಪೌರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದ ಕಾಲ ಅದು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು.

ಈ ಸವಾರಿ ಎಲ್ಲರಿಗೂ ಒಂದೇ ಸಮನಾಗಿ ದಕ್ಕಿದ್ದಲ್ಲ ಎಂಬುದನ್ನು ಮರೆಯಬಾರದು. ದೇಶದ ಎಷ್ಟೋ ಹಳ್ಳಿಗಳಲ್ಲಿ ದಲಿತರು ಮೇಲ್ಜಾತಿಯವರ ಬೀದಿಯಲ್ಲಿ ಸೈಕಲ್ ಏರಿ ಹೋಗುವಂತಿರಲಿಲ್ಲ. ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಆ ಕೇರಿಯ ಹುಡುಗ ಸಮತೋಲದ ಜೊತೆಗೆ, ಎಲ್ಲಿ ಇಳಿಯಬೇಕು ಎಂಬುದನ್ನೂ ಕಲಿಯಬೇಕಾಗಿತ್ತು.

ಹುಡುಗಿಯರ ಸರದಿ

ಅಣ್ಣ ಒಳಪೆಡಲು ಹಾಕುವಾಗ ತಂಗಿ ಏನು ಮಾಡುತ್ತಿದ್ದಳು? ಹೆಚ್ಚಿನ ಮನೆಗಳಲ್ಲಿ ನೋಡುತ್ತಿದ್ದಳು, ಇಲ್ಲವೆ ಹಿಂದೆ ಕ್ಯಾರಿಯರ್ ಮೇಲೆ ಕುಳಿತಿರುತ್ತಿದ್ದಳು. ಹುಡುಗಿ ಸೈಕಲ್ ಹೊಡೆದರೆ ಊರು ಏನೆನ್ನುತ್ತದೆ ಎಂಬ ಭಯ ಅಪ್ಪ ಅಮ್ಮನಿಗೆ. ಪಟ್ಟಣಗಳಲ್ಲಿ ‘ಲೇಡೀಸ್ ಸೈಕಲ್’ ಏರಿದ ಕಾಲೇಜು ಹುಡುಗಿಯರು, ನರ್ಸುಗಳು, ಶಿಕ್ಷಕಿಯರು ಇದ್ದರು. ಹಳ್ಳಿಯಲ್ಲಿ ಅವರು ಅಪರೂಪ.

ಈ ಗೋಡೆ ದೊಡ್ಡ ಪ್ರಮಾಣದಲ್ಲಿ ಬಿದ್ದದ್ದು ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಅಂದಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅಕ್ಷರ ಕಲಿಕೆಯ ಜೊತೆಗೆ ಮಹಿಳೆಯರಿಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಕೂಲಿ ಹೆಂಗಸರು, ಕಲ್ಲುಗಣಿಯ ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು, ಆರೋಗ್ಯ ಕಾರ್ಯಕರ್ತೆಯರು ಬಯಲಿಗೆ ಬಂದು ಕಲಿತರು. ಕಲಿತವಳು ಇನ್ನೊಬ್ಬಳಿಗೆ ಕಲಿಸಿದಳು. ಸೈಕಲ್ ಕೊಳ್ಳಲು ಬ್ಯಾಂಕ್ ಸಾಲದ ಏರ್ಪಾಡೂ ಆಯಿತು. ಈ ಬಗ್ಗೆ ವಿವರವಾಗಿ ಬರೆದ ಪತ್ರಕರ್ತ ಪಿ. ಸಾಯಿನಾಥ್ ಸೈಕಲ್ ಕಲಿತವರ ಸಂಖ್ಯೆ ಒಂದು ಲಕ್ಷ ದಾಟಿತ್ತೆಂದು ದಾಖಲಿಸಿದ್ದಾರೆ. ಅವರು ಗುರುತಿಸಿದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹತ್ತಿರದ್ದು. ಅಲ್ಲಿನ ಅನೇಕ ಹೆಂಗಸರು ಗಂಡಸರ ಸೈಕಲ್ಲನ್ನೇ ಇಷ್ಟಪಟ್ಟರು. ಅದರ ಅಡ್ಡ ಪಟ್ಟಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಿತ್ತು! ತಾಯಿಯ ಮುಂದೆ ಪಟ್ಟಿಯ ಮೇಲೆ ಕುಳಿತ ಆ ಮಕ್ಕಳಿಗೆ ಹೆಂಗಸು ಸೈಕಲ್ ಹೊಡೆಯುವುದು ವಿಶೇಷವೇ ಅಲ್ಲದ ದಿನಚರಿಯಾಯಿತು.

2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನದ ಪ್ರಕಾರ ಇದರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತು. ಪರಿಣಾಮ ಹೆಚ್ಚು ಕಂಡದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಹುಡುಗಿಯ ಓದು ನಿಲ್ಲುತ್ತಿದ್ದುದು ಅವಳಿಗೆ ಓದು ತಲೆಗೆ ಹತ್ತದೆ ಅಲ್ಲ, ನಡುವೆ ಇದ್ದ ಆ ದಾರಿಯಿಂದ.

ಕರ್ನಾಟಕದಲ್ಲೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಒಂದೇ ಬಗೆಯ ಹೊಸ ಸೈಕಲ್ಲುಗಳಲ್ಲಿ ಗುಂಪಾಗಿ ಶಾಲೆಗೆ ಹೋಗುವ ಹುಡುಗಿಯರ ಸಾಲು ನಮ್ಮ ಹಳ್ಳಿ ರಸ್ತೆಗಳ ಪರಿಚಿತ ನೋಟವಾಯಿತು. ಕೊರೊನಾ ವರ್ಷಗಳಲ್ಲಿ ಆ ವಿತರಣೆ ನಿಂತಿತು. ಒಬ್ಬಳೇ ಹೋದರೆ ಆಡಿಕೊಳ್ಳುವ ಊರು ಇಪ್ಪತ್ತು ಹುಡುಗಿಯರು ಒಟ್ಟಿಗೆ ಹೋದರೆ ಸುಮ್ಮನಾಗುತ್ತದೆ. ಯೋಜನೆಯ ಲೆಕ್ಕಪತ್ರದಲ್ಲಿ ಬಾರದ ಲಾಭ ಇದು.

ಮತ್ತೆ ಪೆಡಲಿಲ್ಲದ ಸೈಕಲ್

1997ರಲ್ಲಿ ಜರ್ಮನಿಯಲ್ಲೇ ರಾಲ್ಫ್ ಮೆರ್ಟೆನ್ಸ್ ಎಂಬ ವಿನ್ಯಾಸಕಾರ ತನ್ನ ಪುಟ್ಟ ಮಗನಿಗಾಗಿ ಮರದ ಎರಡು ಚಕ್ರದ ಗಾಡಿ ಮಾಡಿದ. ಅದಕ್ಕೆ ಪೆಡಲಿಲ್ಲ. ಮಗು ಕುಳಿತು ನೆಲ ಒದೆಯುತ್ತ ಹೋಗಬೇಕು. ಡ್ರೈಸ್‌ನ ಗಾಡಿಯೇ ಮಗುವಿನ ಅಳತೆಗೆ ಇಳಿದು ಬಂದಂತೆ. ಇಂಥ ಗಾಡಿಗಳು ಅಲ್ಲಿಂದ ಜಗತ್ತಿನ ಹಲವೆಡೆ ಹರಡಿ, ಈಗ ನಮ್ಮ ಪೇಟೆಗಳಲ್ಲೂ ‘ಬ್ಯಾಲೆನ್ಸ್ ಬೈಕ್’ ಎಂಬ ಹೆಸರಿನಲ್ಲಿ ಸಿಗುತ್ತವೆ. ಎರಡು ಮೂರು ವರ್ಷದ ಮಗು ಇದರಲ್ಲಿ ಸಮತೋಲ ಕಲಿತರೆ, ಮುಂದೆ ಪೆಡಲಿನ ಸೈಕಲ್ಲಿಗೆ ಹೋಗುವುದು ಸಲೀಸು.

ಇದಕ್ಕಾಗಿ ಹೊಸ ಗಾಡಿ ಕೊಳ್ಳಲೇಬೇಕೆಂದಿಲ್ಲ. ಮನೆಯಲ್ಲಿರುವ ಮಕ್ಕಳ ಸೈಕಲ್ಲಿನ ಸಪೋರ್ಟ್ ವೀಲನ್ನೂ ಎರಡೂ ಪೆಡಲುಗಳನ್ನೂ ಬಿಚ್ಚಿದರೆ ಸಾಕು. ಎಡಗಡೆಯ ಪೆಡಲನ್ನು ಬಿಚ್ಚಲು ಸ್ಪ್ಯಾನರನ್ನು ಉಲ್ಟಾ ತಿರುಗಿಸಬೇಕು ಎಂಬುದು ಮಾತ್ರ ನೆನಪಿರಲಿ. ಮಗುವಿನ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ತಗ್ಗಿಸಬೇಕು. ಸ್ವಲ್ಪವೇ ಇಳಿಜಾರಿರುವ ಬಯಲಿನಲ್ಲಿ ಬಿಟ್ಟರೆ, ಮಗು ಮೊದಲು ನಡೆಯುತ್ತದೆ, ಆಮೇಲೆ ಓಡುತ್ತದೆ, ಆಮೇಲೆ ಕಾಲೆತ್ತಿ ಉರುಳುತ್ತದೆ. ಹತ್ತಾರು ಮಾರು ಕಾಲೆತ್ತಿ ಹೋಗಬಲ್ಲದೆಂದಾಗ ಪೆಡಲು ಜೋಡಿಸಬಹುದು. ಹಿಡಿಯಲೇಬೇಕೆಂದರೆ ಮಗುವಿನ ಬೆನ್ನಿಗೆ ಕೈ ತಾಕಿಸಿಕೊಳ್ಳಿ, ಹ್ಯಾಂಡಲನ್ನು ಹಿಡಿಯಬೇಡಿ. ಹ್ಯಾಂಡಲ್ ಹಿಡಿದವರು ಸವಾರಿ ಮಾಡುತ್ತಾರೆ, ಮಗು ಕುಳಿತಿರುತ್ತದೆ ಅಷ್ಟೆ.

ರಸ್ತೆಯ ಪಾಠ

ಸಮತೋಲ ಬಂತು, ತುಳಿಯುವುದೂ ಬಂತು. ಮೂರನೆಯ ಪಾಠ ಉಳಿದಿದೆ, ಅದು ರಸ್ತೆಯದು. ಇಲ್ಲಿ ಮಕ್ಕಳ ಮೈಯೇ ಅವರಿಗೆ ಒಂದು ಮಿತಿ ಹಾಕಿದೆ. ಎದುರಿಗೆ ಬರುವ ವಾಹನ ಕಣ್ಣಿಗೆ ದೊಡ್ಡದಾಗುತ್ತ ಬರುವುದನ್ನು ಗ್ರಹಿಸಿ ಅದರ ವೇಗ ಅಳೆಯುವ ಶಕ್ತಿ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಪೂರ್ತಿ ಬೆಳೆದಿರುವುದಿಲ್ಲ. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ಬರುವ ವಾಹನವನ್ನು ಆ ವಯಸ್ಸಿನ ಮಕ್ಕಳು ನಂಬಿಕೆಯಿಂದ ಗುರುತಿಸಲಾರರು ಎಂದು ಬ್ರಿಟನ್ನಿನ ಸಂಶೋಧಕರು 2010ರ ಸುಮಾರಿನಲ್ಲಿ ಕಂಡುಕೊಂಡರು. ‘ನೋಡಿಕೊಂಡು ಹೋಗು’ ಎಂದು ಎಷ್ಟು ಸಲ ಹೇಳಿದರೂ ಕಾಣದ್ದನ್ನು ಮಗು ನೋಡುವುದು ಹೇಗೆ?

ನೆದರ್ಲೆಂಡ್ಸ್ ಎಂದರೆ ಸೈಕಲ್ಲಿನ ನಾಡು ಎಂದು ನಾವು ಭಾವಿಸುತ್ತೇವೆ. ಅದು ಸದಾ ಹಾಗೇನೂ ಇರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳು ರಸ್ತೆಯನ್ನು ತುಂಬಿದವು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮೂರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು 1972ರಲ್ಲಿ ಬರೆದ ಲೇಖನದ ತಲೆಬರಹ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬುದಾಗಿತ್ತು. ಅದೇ ಹೆಸರಿನ ಚಳವಳಿ ಹುಟ್ಟಿತು. ತಾಯಂದಿರು ಮಕ್ಕಳೊಂದಿಗೆ ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಕೂಡಿಬಂದು ಸರ್ಕಾರ ದಾರಿ ಬದಲಿಸಿತು. ಪ್ರತ್ಯೇಕ ಸೈಕಲ್ ಹಾದಿಗಳು, ವಾಹನಗಳು ನಡಿಗೆಯ ವೇಗದಲ್ಲೇ ಹೋಗಬೇಕಾದ ವಸತಿ ಬೀದಿಗಳು ಬಂದವು. ಅಲ್ಲಿನ ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳ ಮಕ್ಕಳು ರಸ್ತೆ ನಿಯಮಗಳ ಲಿಖಿತ ಪರೀಕ್ಷೆಯ ಜೊತೆಗೆ, ನಿಜವಾದ ರಸ್ತೆಯಲ್ಲೇ ಸೈಕಲ್ ಹೊಡೆದು ತೋರಿಸುವ ಪರೀಕ್ಷೆಯನ್ನೂ ಬರೆಯುತ್ತಾರೆ. ಆದರೆ ಆ ಪರೀಕ್ಷೆಗೆ ಅರ್ಥ ಬಂದಿರುವುದು ಮಕ್ಕಳಿಗೆ ಹೋಗಲು ಹಾದಿ ಇರುವುದರಿಂದ.

2011ರ ಜನಗಣತಿಯ ಪ್ರಕಾರ ದೇಶದ ಶೇಕಡಾ 44.8ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧಿಗಳ ತವರೆನಿಸಿದ ವಿಜಯಪುರ, ಬಾಗಲಕೋಟೆಯಂಥ ಜಿಲ್ಲೆಗಳೂ ನಮ್ಮಲ್ಲಿವೆ. ಆದರೂ ನಗರದ ಮಗು ಈಗ ಸೈಕಲ್ ಕಲಿಯುವುದು ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ, ನಿಂತ ಕಾರುಗಳ ನಡುವೆ. ಕಲಿತ ಮೇಲೆ ಗೇಟಿನಾಚೆ ಹೋಗುವಂತಿಲ್ಲ. ಹತ್ತು ವರ್ಷವಾಗುವ ಹೊತ್ತಿಗೆ ಸೈಕಲ್ ಬಾಲ್ಕನಿ ಸೇರುತ್ತದೆ, ಹದಿನೆಂಟಾದಾಗ ಸ್ಕೂಟರ್ ಬರುತ್ತದೆ. ಹಿಂದಿನ ಹುಡುಗನಿಗೆ ಸೈಕಲ್ ಸಿಗುತ್ತಿರಲಿಲ್ಲ, ಹೋಗಲು ಊರೆಲ್ಲ ಇತ್ತು. ಇಂದಿನ ಮಗುವಿಗೆ ಅಳತೆಗೆ ತಕ್ಕ ಸೈಕಲ್ ಇದೆ, ಹೋಗಲು ಜಾಗವಿಲ್ಲ.

ಶಾಲೆಯ ಸುತ್ತಲಿನ ಒಂದೆರಡು ಕಿಲೋಮೀಟರ್ ರಸ್ತೆಯಲ್ಲಿ ವಾಹನಗಳ ವೇಗವನ್ನು 30 ಕಿಲೋಮೀಟರಿಗೆ ಇಳಿಸುವುದು, ಬೆಳಿಗ್ಗೆ ಸಂಜೆ ಒಂದು ಗಂಟೆ ಅಡ್ಡರಸ್ತೆಗಳನ್ನು ಮಕ್ಕಳಿಗೆ ಬಿಟ್ಟುಕೊಡುವುದು ಕೋಟಿಗಟ್ಟಲೆ ಖರ್ಚಿನ ಕೆಲಸಗಳಲ್ಲ. ಪಾಲಿಕೆ, ಪೊಲೀಸರು, ಶಾಲೆ ಮತ್ತು ಪೋಷಕರು ಒಟ್ಟಿಗೆ ಕುಳಿತರೆ ಒಂದು ವಾರ್ಡಿನಲ್ಲಿ ಆರಂಭಿಸಬಹುದು. ಸಮತೋಲವನ್ನು ಮಗು ತಾನೇ ಕಲಿಯುತ್ತದೆ, ಇನ್ನೂರು ವರ್ಷಗಳಿಂದ ಕಲಿಯುತ್ತಲೇ ಬಂದಿದೆ. ರಸ್ತೆಯನ್ನು ಮಾತ್ರ ಅದು ತಾನೇ ಮಾಡಿಕೊಳ್ಳಲಾರದು.